ವಿದ್ಯಾಶಾಲೆಯೂ ಸಂಘಕ್ರೀಡೆಯೂ

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರಲ್ಲಿ ಬಹುಜನರು ಪಾಠದ ಕೋಣೆಯ ಹೊಸ್ತಿಲನ್ನು ದಾಟಿ ಅಂಗಳಕ್ಕೆ ಬಂದವರಲ್ಲ. ಗುರು, ಗ್ರಂಥ, ಪರೀಕ್ಷೆ, ದಂಡ ಇವುಗಳನ್ನು ಕುರಿತು ಪುಟಗಟ್ಟಲೆ ಬರೆದವರು ಮಕ್ಕಳು ಹೊರಗೆ ಏನನ್ನು ಆಡುತ್ತಿದ್ದರೆಂಬುದನ್ನು ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೀಗಿದ್ದಾಗ್ಯೂ ಬಾಲಕನು ತನ್ನ ಓರಗೆಯವರೊಡನೆ ಕೂಡಿ ದುಡಿಯುವುದನ್ನೂ, ತನ್ನ ಸರದಿಗಾಗಿ ಕಾಯುವುದನ್ನೂ, ಇನ್ನೊಬ್ಬನನ್ನು ನಂಬುವುದನ್ನೂ ಕಲಿಯುವುದು ಬಹುಮಟ್ಟಿಗೆ ಆ ಅಂಗಳದಲ್ಲಿಯೇ. ಕನ್ನಡ ನಾಡಿನಲ್ಲಿ ಶಾಲೆಗೂ ಮಠಕ್ಕೂ ಇರುವ ಸಂಬಂಧವು ಹೆಸರಿನಲ್ಲಿಯೇ ಉಳಿದುಬಂದಿದೆ. ಸರಕಾರಿ ಶಾಲೆಗಳು ಹುಟ್ಟುವ ಮೊದಲು ಹಳ್ಳಿಯ ಮಕ್ಕಳು ಓದುತ್ತಿದ್ದುದು ಕೂಲಿಮಠದಲ್ಲಿ. ಅಕ್ಷರ ತಿದ್ದಿಸುತ್ತಿದ್ದವರು ಐಗಳು. ಆದುದರಿಂದ ಶಾಲೆಯ ಅಂಗಳದ ಚರಿತ್ರೆಯು ಮಠದ ಭಕ್ತರಿಗೆ ಹೊರಗಿನದೇನೂ ಅಲ್ಲ.

ಆ ಕೂಲಿಮಠದ ಒಂದು ಸ್ಪಷ್ಟವಾದ ಚಿತ್ರವು ಒಬ್ಬ ಆಂಗ್ಲ ಅಧಿಕಾರಿಯ ಬರೆವಣಿಗೆಯಿಂದ ದೊರೆಯುತ್ತದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ತನ್ನ ಜಿಲ್ಲೆಯ ದೇಶೀಯ ಶಾಲೆಗಳ ವಿಷಯವಾಗಿ ಮದರಾಸು ಸರಕಾರಕ್ಕೆ ಒಂದು ವರದಿಯನ್ನು ಕಳುಹಿದನು. ಈತನು ತೆಲುಗು ಭಾಷೆಗೆ ವ್ಯಾಕರಣವನ್ನು ಬರೆದ ವಿದ್ವಾಂಸನೂ ಆಗಿದ್ದುದರಿಂದ ನೋಡಿದ್ದನ್ನು ಕಣ್ಣಿಟ್ಟು ನೋಡಿದ್ದಾನೆ. ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಓದುವ ಮಕ್ಕಳು 6,641. ಇವರಲ್ಲಿ ಹೆಣ್ಣುಮಕ್ಕಳು ಕೇವಲ 60! ಲಿಂಗವಂತರ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ ಇವುಗಳ ಹೆಸರುಗಳನ್ನು ಆತನು ಎಣಿಸಿದ್ದಾನೆ.

ಶಾಲೆಯು ಮುಂಜಾನೆ ಆರು ಗಂಟೆಗೆ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನು ಹೊಗಳಿಕೆಗೂ ತಕ್ಕವನಲ್ಲ, ತೆಗಳಿಕೆಗೂ ತಕ್ಕವನಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತರುವಾಯ ಬಂದವರಿಗೆಲ್ಲ ಒಂದೊಂದು ಹೆಚ್ಚು. ಇಪ್ಪತ್ತನೆಯವನ ಗತಿಯೇನಾಗಿತ್ತೋ ವಾಚಕರೇ ಊಹಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಬರುವ ಶಿಸ್ತು ಇದರಿಂದ ಹುಟ್ಟಿರಬಹುದು. ಆದರೆ ಈ ಪದ್ಧತಿಯಲ್ಲಿ ಒಬ್ಬನ ಗೌರವವು ಉಳಿದವರೆಲ್ಲರೂ ಹಿಂದೆ ಬೀಳುವುದನ್ನೇ ಅವಲಂಬಿಸಿತ್ತು. ಗೆಳೆಯನನ್ನು ಅವನ ಮನೆಯ ಬಾಗಿಲಲ್ಲಿ ಕೂಗಿ ಜೊತೆಗೆ ಕರೆದುಕೊಂಡು ಬಂದ ಬಾಲಕನಿಗೆ ದೊರೆಯುವುದು ಒಂದು ಏಟು ಅಷ್ಟೇ.

ಅದೇ ಮಠದೊಳಗೆ, ಅದೇ ದಿವಸ, ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪದ್ಧತಿಯೂ ನಡೆಯುತ್ತಿತ್ತು. ಮಕ್ಕಳೆಲ್ಲರೂ ನೆರೆದ ಮೇಲೆ ಅವರನ್ನು ವರ್ಗಗಳಾಗಿ ವಿಂಗಡಿಸಿ, ಮುಂದುವರಿದ ಬಾಲಕರನ್ನು ಹಿಂದುಳಿದವರಿಗೆ ಕಲಿಸಲು ನಿಯಮಿಸುತ್ತಿದ್ದರು. ಕಲಿಸುವವನ ಕಲಿಕೆಯೂ ಅದರಿಂದ ಗಟ್ಟಿಯಾಗುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಮಗ್ಗಿಯನ್ನು ಒಂದೇ ದನಿಯಲ್ಲಿ ಒಟ್ಟಾಗಿ ಹೇಳುವುದು, ದೊಡ್ಡವನು ಚಿಕ್ಕವನ ಕೈಹಿಡಿದು ತಿದ್ದಿಸುವುದು, ಇವು ಕೂಲಿಮಠದ ನಿಜವಾದ ಸಂಪತ್ತು. ಕ್ಯಾಂಬೆಲ್ಲನು ಇದನ್ನು ಮನಃಪೂರ್ವಕವಾಗಿ ಮೆಚ್ಚಿದ್ದಾನೆ; ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಹೇಳಿದ್ದಾನೆ. ಆ ಅನುಕರಣವು ನಡೆದ ಬಗೆಯೂ ಸ್ವಾರಸ್ಯವಾದುದು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥಾಶ್ರಮದ ಮೇಲ್ವಿಚಾರಕನಾದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಆಶ್ರಮದಲ್ಲಿಯೂ ಅದನ್ನು ತಂದನು; ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದನು; 1797ರಲ್ಲಿ ಲಂಡನ್ನಿನಲ್ಲಿ ಇದರ ವಿಷಯವಾಗಿ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿದನು. ಅಲ್ಲಿ ಇದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಒಬ್ಬನೇ ಉಪಾಧ್ಯಾಯನ ಸಂಬಳದಲ್ಲಿ ನೂರಾರು ಮಕ್ಕಳಿಗೆ ಓದು ಕಲಿಸುವ ಅಗ್ಗದ ಯಂತ್ರವಾಗಿ ಅದು ಪರಿಣಮಿಸಿದುದು ಮಾತ್ರ ಕೂಲಿಮಠದ ತಪ್ಪಲ್ಲ.

ಹೀಗೆ ಹಳೆಯ ಶಾಲೆಯಲ್ಲಿ ಕೋಲೂ ಇತ್ತು, ಕೈಹಿಡಿಯುವುದೂ ಇತ್ತು. ಆಟಕ್ಕೆ ಮಾತ್ರ ಸ್ಥಳವಿರಲಿಲ್ಲ. ಆಟವು ಬೀದಿಯದು, ಕೆರೆಯ ಅಂಗಳದ್ದು, ಸುಗ್ಗಿ ಮುಗಿದ ಹೊಲದ್ದು. ಆದರೂ ಈ ಬೀದಿಯ ಆಟಗಳನ್ನು ಪರಿಶೀಲಿಸಿ ನೋಡಿದರೆ ಅವುಗಳಲ್ಲಿ ಎಂಥ ಕೂಡುಬಾಳಿನ ನಿಯಮಗಳಿವೆಯೆಂಬುದು ತಿಳಿಯುತ್ತದೆ. ಲಗ್ಗೋರಿಯಲ್ಲಿ ಒಂದರ ಮೇಲೊಂದು ಒಟ್ಟಿದ ಕಲ್ಲುಗಳನ್ನು ಚೆಂಡಿನಿಂದ ಕೆಡಹುವವನು ಒಬ್ಬನೇ. ಆದರೆ ಚೆಂಡಿನ ಪೆಟ್ಟನ್ನು ತಪ್ಪಿಸಿಕೊಳ್ಳುತ್ತ ಆ ಕಲ್ಲುಗಳನ್ನು ಪುನಃ ಒಟ್ಟುವುದು ಒಬ್ಬನಿಂದಾಗುವ ಕೆಲಸವಲ್ಲ. ಒಬ್ಬನು ಎದುರಾಳಿಗಳನ್ನು ತನ್ನ ಹಿಂದೆ ಓಡಿಸಿಕೊಂಡು ಹೋಗಬೇಕು. ಇನ್ನೊಬ್ಬನು ಆ ಸಂಧಿಯಲ್ಲಿ ಕಲ್ಲನ್ನಿಡಬೇಕು. ಹುತುತು ಆಟದ ಸಂಜೀವನಿ ಎಂಬ ಬಗೆಯಲ್ಲಿ, ಸತ್ತು ಹೊರಗೆ ಕುಳಿತ ಆಟಗಾರನು ತನ್ನ ಪಕ್ಷದವರು ಎದುರಾಳಿಯೊಬ್ಬನನ್ನು ಕೆಡಹಿದೊಡನೆ ಮರಳಿ ಜೀವ ಪಡೆದು ಒಳಗೆ ಬರುತ್ತಾನೆ. ಸೋತವನನ್ನು ಸೋತವನೆಂದು ಬಿಟ್ಟುಬಿಡದೆ ಸಂಗಡಿಗರ ದುಡಿಮೆಯಿಂದ ಅವನನ್ನು ಮತ್ತೆ ಎಬ್ಬಿಸುವ ಈ ನಿಯಮವನ್ನು ಯಾವ ಪಂಡಿತನೂ ಕುಳಿತು ರಚಿಸಿದ್ದಲ್ಲ. ಇದು ಮಕ್ಕಳ ಮಕ್ಕಳಿಂದ ಸಾಗಿಬಂದದ್ದು.

ಆಟವನ್ನೇ ಶಾಲೆಯೊಳಕ್ಕೆ ತರಬೇಕೆಂಬ ವಿಚಾರವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದವನು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್. ಕ್ಯಾಂಬೆಲ್ಲನ ವರದಿಯಾದ ಹದಿನಾಲ್ಕು ವರ್ಷಗಳ ತರುವಾಯ, 1837ರಲ್ಲಿ, ಈತನು ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರಾಯಿತು. ಅಲ್ಲಿ ಮಕ್ಕಳು ಕೈಕೈ ಹಿಡಿದು ಮಂಡಲಾಕಾರವಾಗಿ ನಿಂತು ಹಾಡುತ್ತ ಆಡುತ್ತಿದ್ದರು. ಮಂಡಲದಲ್ಲಿ ಮೊದಲನೆಯವನೂ ಇಲ್ಲ, ಕಡೆಯವನೂ ಇಲ್ಲ. ಒಬ್ಬನು ಕೈಬಿಟ್ಟರೆ ಇಡೀ ಮಂಡಲವು ಕಡಿಯುತ್ತದೆ. ಇಂಥ ನಿರಪಾಯವಾದ ಆಟವನ್ನು ಕಂಡು ಪ್ರಷ್ಯದ ಸರಕಾರವು ಭಯಪಟ್ಟಿತೆಂದರೆ ಆಶ್ಚರ್ಯವಾಗಬಹುದು. 1851ರಲ್ಲಿ ಅದು ನಾಸ್ತಿಕ್ಯವನ್ನು ಹರಡುವುದೆಂಬ ನೆವದಿಂದ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು. ಫ್ರೋಬೆಲನ ಅಣ್ಣನ ಮಗನಾದ ಕಾರ್ಲ್ ಎಂಬವನ ವಿಚಾರಗಳನ್ನು ಇವನವೆಂದು ಭ್ರಮಿಸಿದ್ದೂ ಇದಕ್ಕೆ ಒಂದು ಕಾರಣ. ಮರುವರ್ಷವೇ ಫ್ರೋಬೆಲನು ತೀರಿಕೊಂಡನು. ನಿಷೇಧವು ತೆಗೆಯಲ್ಪಟ್ಟದ್ದು 1860ರಲ್ಲಿ.

ಹಿಂದುಸ್ಥಾನದಲ್ಲಿ ಸರಕಾರಿ ಶಾಲೆಗಳು ಬೆಳೆದ ಮೇಲೆ ಅಂಗಳಕ್ಕೆ ಮೊದಲು ಬಂದುದು ಆಟವಲ್ಲ, ಕವಾಯತು. ಸಾಲಾಗಿ ನಿಲ್ಲು, ಕೈಯೆತ್ತು, ಕೈಯಿಳಿಸು ಎಂಬ ಆಜ್ಞೆಗಳಿಗೆ ಮಕ್ಕಳು ವಿಧೇಯರಾಗಿ ನಡೆದುಕೊಳ್ಳುತ್ತಿದ್ದರು. ಇದರಿಂದ ಮೈ ನೆಟ್ಟಗಾಗಿರಬಹುದು. ಆದರೆ ಕವಾಯತಿನಲ್ಲಿ ಮಗ್ಗುಲಿನವನು ಯಾರೆಂಬುದನ್ನು ತಿಳಿಯುವ ಅಗತ್ಯವೇ ಇಲ್ಲ. ಎಲ್ಲರ ಕಣ್ಣೂ ಆಜ್ಞೆ ಕೊಡುವವನ ಮೇಲೆ. ಬೀದಿಯ ದೇಶೀ ಆಟಗಳನ್ನು ಎತ್ತಿಕೊಂಡು, ಅವುಗಳಿಗೆ ನಿಯಮವನ್ನು ಕಟ್ಟಿ, ಶಾಲೆಯ ಅಂಗಳಕ್ಕೆ ಯೋಗ್ಯವಾಗುವಂತೆ ಮಾಡಿದ ಕೀರ್ತಿಯು ಬಹುತರವಾಗಿ ಮಹಾರಾಷ್ಟ್ರಕ್ಕೆ ಸಲ್ಲತಕ್ಕದ್ದು. ಪುಣೆಯ ಡೆಕ್ಕನ್ ಜಿಮಖಾನಾ ಸಂಸ್ಥೆಯು 1914ರಲ್ಲಿ ಖೋ ಖೋ ಆಟಕ್ಕೆ ನಿಯಮಗಳನ್ನು ರಚಿಸಿತು. ಬಡೋದೆಯ ಹಿಂದ್ ವಿಜಯ ಜಿಮಖಾನಾ 1923ರ ಸುಮಾರಿಗೆ ದೇಶೀ ಆಟಗಳ ಪಂದ್ಯಗಳನ್ನು ನಡೆಯಿಸಿತು. 1928ರಲ್ಲಿ ಹುಟ್ಟಿದ ಅಖಿಲ ಮಹಾರಾಷ್ಟ್ರ ಶಾರೀರಿಕ ಶಿಕ್ಷಣ ಮಂಡಲವು ಈ ನಿಯಮಗಳನ್ನು ಪರಿಷ್ಕರಿಸಿತು. ಮದರಾಸಿನಲ್ಲಿ 1920ರಲ್ಲಿಯೂ, ಮುಂಬಯಿಯ ಕಾಂದಿವಲಿಯಲ್ಲಿ 1938ರಲ್ಲಿಯೂ ದೈಹಿಕ ಶಿಕ್ಷಕರನ್ನು ತಯಾರುಮಾಡುವ ವಿದ್ಯಾಲಯಗಳಾದವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದವುಗಳಾಗಿದ್ದುದರಿಂದ ಅಲ್ಲಿಯ ಕನ್ನಡ ಶಾಲೆಗಳಿಗೆ ಈ ಮಹಾರಾಷ್ಟ್ರದ ಗಾಳಿಯು ಸಹಜವಾಗಿಯೇ ಬೀಸಿತು.

ಖೋ ಖೋ ಆಟವನ್ನು ಅರಿಯದ ಶಾಲಾಬಾಲಕನು ಕನ್ನಡ ನಾಡಿನಲ್ಲಿ ವಿರಳ. ಆದರೂ ಅದರ ರಚನೆಯನ್ನು ಒಮ್ಮೆ ನಿಧಾನವಾಗಿ ನೋಡುವುದು ಲೇಸು. ಅಂಗಳದ ಎರಡು ತುದಿಗಳಲ್ಲಿ ಎರಡು ಕಂಬಗಳು. ಅವುಗಳ ನಡುವೆ ನೇರವಾದ ಒಂದು ಪಟ್ಟಿ. ಪಟ್ಟಿಯ ಮೇಲಣ ಎಂಟು ಚೌಕಗಳಲ್ಲಿ ಒಂದು ಪಕ್ಷದ ಎಂಟು ಜನರು, ಒಬ್ಬನು ಆ ಕಡೆಗೆ ಮುಖ ಮಾಡಿದರೆ ಮಗ್ಗುಲಿನವನು ಈ ಕಡೆಗೆ ಎಂಬಂತೆ, ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವನು ಎದ್ದುನಿಂತು ಎದುರು ಪಕ್ಷದ ಓಟಗಾರರನ್ನು ಬೆನ್ನಟ್ಟಬೇಕು. ಓಟಗಾರರು ಒಮ್ಮೆಗೆ ಮೂವರು ಬರುತ್ತಾರೆ. ಅವರಿಗೆ ಯಾವ ದಿಕ್ಕಿಗಾದರೂ ಓಡಬಹುದು, ಕುಳಿತವರ ನಡುವೆ ನುಸುಳಿ ಆಚೆಗೂ ಹೋಗಬಹುದು. ಬೆನ್ನಟ್ಟುವವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ನಡುಪಟ್ಟಿಯನ್ನು ದಾಟಕೂಡದು. ಒಂದು ದಿಕ್ಕನ್ನು ಹಿಡಿದನೆಂದರೆ ಕಂಬವನ್ನು ಮುಟ್ಟುವವರೆಗೆ ಹಿಂದಿರುಗಕೂಡದು. ಅಂದ ಮೇಲೆ ಎಷ್ಟೇ ವೇಗಶಾಲಿಯಾಗಿದ್ದರೂ ಅವನೊಬ್ಬನಿಂದ ಚುರುಕಾದ ಓಟಗಾರನನ್ನು ಹಿಡಿಯುವುದು ಅಸಾಧ್ಯವೆಂದೇ ಹೇಳಬೇಕು. ಓಟಗಾರನು ಪಟ್ಟಿಯ ಆಚೆಗೆ ಒಂದು ಹೆಜ್ಜೆ ಇಟ್ಟರೆ ತೀರಿತು. ಆಗ ಅವನಿಗೆ ಉಳಿದಿರುವುದು ಒಂದೇ ಉಪಾಯ. ಆಚೆಗೆ ಮುಖ ಮಾಡಿ ಕುಳಿತ ಸಂಗಡಿಗನ ಬೆನ್ನನ್ನು ಮುಟ್ಟಿ ‘ಖೋ’ ಎಂದು ಗಟ್ಟಿಯಾಗಿ ಕೂಗಬೇಕು. ಕುಳಿತವನು ಎದ್ದು ಬೆನ್ನಟ್ಟುತ್ತಾನೆ. ಕೂಗಿದವನು ಅವನ ಚೌಕದಲ್ಲಿ ಕುಳಿತುಕೊಳ್ಳುತ್ತಾನೆ.

ಈ ಆಟದ ಹುರುಳೆಲ್ಲ ಇರುವುದು ಇಲ್ಲಿಯೇ. ಬೆನ್ನಟ್ಟುವವನು ಓಟಗಾರನಿಗೆ ತೀರ ಸಮೀಪವಾದಾಗಲೇ, ಇನ್ನೊಂದು ಮಾರು ಓಡಿದರೆ ತಾನೇ ಹಿಡಿದೇನೆಂಬ ಆಶೆಯು ಬಲವಾದಾಗಲೇ, ಆ ಆಶೆಯನ್ನು ಬಿಟ್ಟು ಅವಕಾಶವನ್ನು ಇನ್ನೊಬ್ಬನಿಗೆ ಕೊಟ್ಟು ಕುಳಿತುಬಿಡಬೇಕು. ಕೊಡಲು ಒಲ್ಲದ ಹುಡುಗನಿಂದ ಪಕ್ಷವೇ ಸೋಲುತ್ತದೆ. ಎರಡು ದಿನ ಆಡಿದರೆ ಇದು ಅವನಿಗೆ ತಾನಾಗಿಯೇ ತಿಳಿಯುತ್ತದೆ, ಉಪಾಧ್ಯಾಯನು ಬಾಯಿಬಿಡಬೇಕಾದ ಕಾರಣವಿಲ್ಲ. ಕುಳಿತವನ ಪಾಡೂ ಸುಲಭವಲ್ಲ. ಓಟಗಾರನು ಕೈಯಳತೆಯಲ್ಲಿ ಹಾದುಹೋದರೂ ಖೋ ಬರುವುದಕ್ಕೆ ಮುಂಚೆ ಅವನು ಮೇಲೇಳಕೂಡದು. ಬೆನ್ನ ಹಿಂದೆ ನಡೆಯುವುದನ್ನು ಸಪ್ಪಳದಿಂದಲೂ ಸಂಗಡಿಗರ ಕಣ್ಣಿನಿಂದಲೂ ಅರಿಯಬೇಕು. ಎದ್ದೊಡನೆ ಯಾವ ದಿಕ್ಕು ಹಿಡಿಯಬೇಕೆಂಬುದನ್ನು ಏಳುವ ಮೊದಲೇ ನಿಶ್ಚಯಿಸಿರಬೇಕು. ಓಟದಲ್ಲಿ ಮಂದನಾದ ಹುಡುಗನು ಎಚ್ಚರದಲ್ಲಿ ಚುರುಕಾಗಿದ್ದರೆ ಅವನೂ ಇಲ್ಲಿ ದೊಡ್ಡ ಆಟಗಾರನೇ. ಒಂಬತ್ತು ನಿಮಿಷದ ಒಂದು ಸರದಿಯಲ್ಲಿ ಖೋ ಎಂಬ ಶಬ್ದವು ಎಷ್ಟು ಸಲ ಕೈಬದಲಾಗುವುದೋ ಎಣಿಸಿದವರಿಗೇ ಗೊತ್ತು. ಬೆಲೆಯುಳ್ಳ ಸಲಕರಣೆಯೂ ಇದಕ್ಕೆ ಬೇಡ. ಎರಡು ಕಂಬ, ಒಂದು ಹಿಡಿ ಸುಣ್ಣ, ಇಷ್ಟಾದರೆ ಬಡವರ ಊರಿನ ಶಾಲೆಯೂ ಆಡಬಹುದು.

ಬೆನ್ನನ್ನು ಮುಟ್ಟಬೇಕೆಂಬ ಈ ನಿಯಮವನ್ನು ಹಗುರವಾಗಿ ಎಣಿಸಲಾಗದು. ಯಾಕಂದರೆ ಈ ದೇಶದ ಶಾಲೆಯಲ್ಲಿ ಮಕ್ಕಳನ್ನು ಒಬ್ಬರಿಂದೊಬ್ಬರನ್ನು ದೂರಮಾಡಿದುದು ಮುಟ್ಟುವಿಕೆಯ ವಿಷಯವೇ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬೇಕೆಂದು ಮಹಾರ ಕುಲದ ಒಬ್ಬ ಬಾಲಕನು ಹೋದನು. ಎಲ್ಲರಂತೆ ಶುಲ್ಕವನ್ನು ಕೊಡಲು ಅವನು ಸಿದ್ಧನಿದ್ದನು. ಆದರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಬಾಲಕನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ನ್ಯಾಯವೇನೋ ಅವನ ಕಡೆಗೇ ಇದೆಯೆಂದು ಸರಕಾರವು ಒಪ್ಪಿತು. ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆಯನ್ನು ಬಿಟ್ಟಾರೆಂದು ಹೇಳಿ ಕೈತೊಳೆದುಕೊಂಡಿತು. 1858ರಲ್ಲಿ ಕಂಪನಿಯ ಡೈರೆಕ್ಟರರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ವಿಧಿಸಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಇದಾದ ಎಷ್ಟೋ ದಶಕಗಳ ತರುವಾಯ ಸಾತಾರೆಯ ಶಾಲೆಯಲ್ಲಿ ಓದಿದ ಡಾ. ಅಂಬೇಡಕರರು ತಮ್ಮ ಬಾಲ್ಯವನ್ನು ನೆನೆದು ಬರೆದಿದ್ದಾರೆ: ಇತರ ಮಕ್ಕಳ ನಡುವೆ ಅವರಿಗೆ ಸ್ಥಳವಿರಲಿಲ್ಲ, ಕುಳಿತುಕೊಳ್ಳಲು ಮನೆಯಿಂದಲೇ ಒಂದು ಗೋಣಿತಟ್ಟನ್ನು ತಂದು, ಸಂಜೆ ಅದನ್ನು ಮನೆಗೇ ಒಯ್ಯಬೇಕಾಗಿತ್ತು, ಶಾಲೆಯನ್ನು ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ, ನೀರು ಹಾಕುವ ಜವಾನನು ಇಲ್ಲದ ದಿವಸ ನೀರೂ ಇಲ್ಲ.

ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಒದಗಿದ ಗತಿಯನ್ನು ಪುರಾಣಶ್ರವಣದಲ್ಲಿ ಕೇಳಿ ಕಣ್ಣೀರು ಸುರಿಸುವ ಭಕ್ತರ ಊರುಗಳಲ್ಲಿಯೂ ಶಾಲೆಯ ಮೂಲೆಯಲ್ಲಿ ಬೇರೆಯಾಗಿ ಕುಳಿತ ಮಕ್ಕಳಿದ್ದರೆಂಬುದನ್ನು ಮುಚ್ಚಿಡಲಾಗದು. ಪಾಠದ ಕೋಣೆಯಲ್ಲಿ ಬೇರೆ ಗೋಣಿಯನ್ನು ಹಾಕಿ ದೂರ ಕುಳ್ಳಿರಿಸಬಹುದು, ಪಾಠವು ನಿಲ್ಲುವುದಿಲ್ಲ. ಖೋ ಖೋ ಅಂಗಳದಲ್ಲಿ ಹಾಗೆ ನಡೆಯದು. ಸಾಲಿನಲ್ಲಿ ಕುಳಿತ ಒಬ್ಬನನ್ನು ಮುಟ್ಟಲಾರೆನೆಂದರೆ ಸಾಲು ಅಲ್ಲಿಯೇ ಕಡಿಯಿತು, ಆಟವೂ ಮುಗಿಯಿತು. ಆದಕಾರಣ ಆಡಿಸುವ ಉಪಾಧ್ಯಾಯನ ಮುಂದೆ ಎರಡೇ ಮಾರ್ಗಗಳಿದ್ದವು. ಆ ಮಗುವನ್ನು ಆಟದಿಂದಲೇ ಹೊರಗಿಡಬೇಕು, ಇಲ್ಲವೆ ಅವನ ಬೆನ್ನ ಮೇಲೆ ಎಲ್ಲರೂ ಕೈಯಿಡಬೇಕು. ಮೊದಲನೆಯ ಮಾರ್ಗವನ್ನು ಹಿಡಿದವರೂ ಉಂಟು. ಆಟದ ಬಯಲೊಂದೇ ಜಾತಿಭೇದವನ್ನು ಅಳಿಸಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಎರಡನೆಯ ಮಾರ್ಗವನ್ನು ಹಿಡಿದ ಕಡೆ ಮಕ್ಕಳಿಗೆ ಅದು ಧರ್ಮೋಪದೇಶವಾಗಿ ಬರಲಿಲ್ಲ, ಗೆಲ್ಲುವ ಅಗತ್ಯವಾಗಿ ಬಂತು. ಮೈಯೆಲ್ಲ ಒಂದೇ ಕೆಂಪು ಧೂಳಿನಿಂದ ತುಂಬಿದ ಮೇಲೆ ಯಾರು ಯಾರನ್ನು ಮುಟ್ಟಿದರೆಂಬ ಲೆಕ್ಕವು ಉಳಿಯುವುದಾದರೂ ಹೇಗೆ?

ಇದೇ ಕಾಲದಲ್ಲಿ ವೀರಶೈವ ಮಠಗಳು ಹಳ್ಳಿಯ ಬಡಮಕ್ಕಳ ವಿದ್ಯೆಗಾಗಿ ಉಚಿತ ಪ್ರಸಾದನಿಲಯಗಳನ್ನು ನಡೆಯಿಸತೊಡಗಿದುದು ಗಮನಾರ್ಹವಾಗಿದೆ. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯಪ್ಪಗಳವರು ವಿದ್ಯಾರ್ಥಿಗಳಿಗೆ ಅನ್ನಾಶ್ರಯಗಳನ್ನಿತ್ತರು. ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಶ್ರೀ ಉದ್ಧಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ತರುವಾಯ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳು ಅಲ್ಲಿ ಅನ್ನವನ್ನೂ ವಿದ್ಯೆಯನ್ನೂ ಪಡೆದರು. ಪ್ರಸಾದನಿಲಯದ ದಿನಚರಿಯನ್ನು ಬಲ್ಲವರಿಗೆ ಸಂಘಕ್ರೀಡೆಯ ನಿಯಮವು ಹೊಸದೆನಿಸದು. ಒಬ್ಬನು ಕಸ ಗುಡಿಸಿದರೆ ಇನ್ನೊಬ್ಬನು ನೀರು ತುಂಬುತ್ತಾನೆ. ಒಂದು ಪಂಕ್ತಿಗೆ ಬಡಿಸಿದವರು ಮುಂದಿನ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ, ಉಂಡೆದ್ದವರು ಬಡಿಸುತ್ತಾರೆ. ದಾಸೋಹವೆಂಬ ದೊಡ್ಡ ಮಾತಿನ ಅರ್ಥವು ಬಾಲಕನಿಗೆ ಮೊದಲು ತಿಳಿಯುವುದು ಸಾರಿನ ಬಕೀಟನ್ನು ಹಿಡಿದಾಗ.

1936ರಲ್ಲಿ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಲದವರು ಬರ್ಲಿನ್ ಒಲಿಂಪಿಕ್ ಕ್ರೀಡೋತ್ಸವದ ಸಂದರ್ಭದಲ್ಲಿ ಭಾರತದ ದೇಶೀ ಆಟಗಳನ್ನು ಪ್ರದರ್ಶಿಸಿದರು. ಫ್ರೋಬೆಲನು ಮಕ್ಕಳನ್ನು ಕೈಕೈ ಹಿಡಿಸಿ ಆಡಿಸಿದ ದೇಶವದು. ಆ ವರ್ಷ ಅಲ್ಲಿ ಆಳುತ್ತಿದ್ದವರು ಯಹೂದಿ ಮಕ್ಕಳನ್ನು ಶಾಲೆಗಳಿಂದ ಹೊರಗೆ ಹಾಕುತ್ತಿದ್ದವರು. ಸ್ವತಂತ್ರ ಭಾರತದಲ್ಲಿ ಖೋ ಖೋ ಆಟಕ್ಕೆ ಅಖಿಲ ಭಾರತದ ಸಂಘವೂ ಪಂದ್ಯಗಳೂ ಆದವು. 2025ರ ಜನವರಿಯಲ್ಲಿ ಇದರ ಮೊದಲನೆಯ ವಿಶ್ವಕಪ್ ಪಂದ್ಯಗಳು ಹೊಸದಿಲ್ಲಿಯಲ್ಲಿ ನಡೆದು, ಪುರುಷರಲ್ಲಿಯೂ ಸ್ತ್ರೀಯರಲ್ಲಿಯೂ ಭಾರತವೇ ನೇಪಾಳವನ್ನು ಗೆದ್ದಿತು. ಬಳ್ಳಾರಿಯ ಆ ಅರುವತ್ತು ಹೆಣ್ಣುಮಕ್ಕಳನ್ನು ಬಲ್ಲವರಿಗೆ ಸ್ತ್ರೀಯರ ಜಯವು ಹೆಚ್ಚಿನ ಸಂತೋಷವನ್ನುಂಟುಮಾಡದಿರದು.

ವೃತ್ತಿಪರರ ಕೈಗೆ ಹೋದ ಮೇಲೆ ಆಟವು ಕೆಲವು ಮಾರ್ಪಾಟುಗಳನ್ನೂ ಹೊಂದಿತು. 2022ರಲ್ಲಿ ಹೂಡಲ್ಪಟ್ಟ ಹಣದ ಪಂದ್ಯಾವಳಿಯಲ್ಲಿ ಮಣ್ಣಿನ ಬದಲು ಚಾಪೆ, ಒಂಬತ್ತರ ಬದಲು ಏಳು ಜನ; ಅಲ್ಲದೆ ಬೆನ್ನಟ್ಟುವವರಲ್ಲಿ ವಜೀರನೆಂಬ ಒಬ್ಬನು ನೇಮಿಸಲ್ಪಟ್ಟು, ದಿಕ್ಕಿನ ಕಟ್ಟು ಅವನಿಗೆ ಇಲ್ಲದಂತಾಯಿತು. ನೋಡುವವರಿಗೆ ಇದರಿಂದ ರಂಜನೆಯು ಹೆಚ್ಚಿತೆಂಬುದು ದಿಟ. ಆದರೆ ಒಬ್ಬನಿಗೆ ಹಿಂದಿರುಗುವ ಅಧಿಕಾರವನ್ನು ಕೊಟ್ಟೊಡನೆ, ಯಾರೂ ಒಬ್ಬನೇ ಗೆಲ್ಲಲಾರನೆಂಬ ಹಳೆಯ ಕಟ್ಟಳೆಯು ಅಷ್ಟರ ಮಟ್ಟಿಗೆ ಸಡಿಲಿತು. ಹಳ್ಳಿಯ ಶಾಲೆಗಳಲ್ಲಿ ವಜೀರನಿಲ್ಲ. ಸಂಜೆಯ ಹೊತ್ತಿಗೆ ಎರಡು ಕಂಬಗಳ ನಡುವೆ ಸುಣ್ಣದ ಗೆರೆಯನ್ನೆಳೆದು ಎಂಟು ಜನರು ಹಳೆಯ ಕ್ರಮದಲ್ಲಿಯೇ ಕುಳಿತುಕೊಳ್ಳುತ್ತಾರೆ; ಪ್ರಾರ್ಥನೆಯ ಗಂಟೆಯಾದೊಡನೆ ಮೈಯ ಧೂಳನ್ನು ಕೊಡವಿಕೊಂಡು, ಕೈಕಾಲು ತೊಳೆದು, ಒಳಗೆ ಹೋಗುತ್ತಾರೆ.